ಗೇಬಿಯನ್ ಗೋಡೆಗೆ ನಾಲ್ಕು ಸ್ಟಾರ್, ಡೆಕ್‌ಗೆ ಎರಡು

ಮನೆ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿಗೆ, ಗೇಬಿಯನ್ (ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿದ) ತಡೆಗೋಡೆ ಕಟ್ಟಿದವರಿಗೆ ನಾನು ಕೊಡುವುದು ಐದಕ್ಕೆ ನಾಲ್ಕು. ಮನೆ ಮುಂದೆ ಡೆಕ್, ಅಂದರೆ ಹಲಗೆಯ ಅಟ್ಟಣೆ, ಹಾಕಿದವರಿಗೆ ಎರಡು. ಆ ಎರಡೂ ಅವರು ಆಮೇಲೆ ಬಂದು ಸರಿ ಮಾಡಿಕೊಟ್ಟರು ಅನ್ನುವ ಕಾರಣಕ್ಕೆ. ಎರಡೂ ತಂಡದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಮಡಿಕೇರಿ ಚಿಕ್ಕ ಊರು, ಒಬ್ಬರನ್ನು ಹೊಗಳಿ ಒಬ್ಬರನ್ನು ಬೈದರೆ ನಾಳೆ ಸಂತೆಯಲ್ಲಿ ಇಬ್ಬರೂ ಎದುರು ಸಿಗುತ್ತಾರೆ. ಅವರು ಏನು ಮಾಡಿದರು, ಏನು ಬಿಟ್ಟರು, ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನಂತೂ ಬರೆಯುತ್ತೇನೆ. ಇಳಿಜಾರಿನಲ್ಲಿ ಮನೆ ಇರುವವರಿಗೆ ಉಪಯೋಗ ಆದೀತು.

ನಮ್ಮದು ಗಾಳಿಬೀಡು ರಸ್ತೆ ಕಡೆ, ಪೇಟೆಯ ಅಂಚು. ಕಾಗದದಲ್ಲಿ 18 ಸೆಂಟ್ಸ್ ಜಾಗ, ಸಮತಟ್ಟಾಗಿ ಸಿಗುವುದು ಆರೋ ಏಳೋ. ಮೇಲ್ಗಡೆ ಒಬ್ಬರ ಕಾಫಿ ತೋಟ. ನಡುವೆ ಕಡಿದು ಸಮ ಮಾಡಿದ ಜಾಗದಲ್ಲಿ ನಮ್ಮ ಮನೆ. ಕೆಳಗೆ ಇನ್ನೊಂದು ಮನೆ, ಅದರಾಚೆ ತೋಡು (ಸಣ್ಣ ಹಳ್ಳ). ಮನೆಯ ಬೆನ್ನಿಗೆ ಹತ್ತು ಅಡಿ ಎತ್ತರದ ಬರೆ. ಅಂಗಳ ಮುಗಿಯುವಲ್ಲಿ ಏಳು ಅಡಿಯ ಹಳೇ ಸೈಜುಗಲ್ಲಿನ ಗೋಡೆ. ಎರಡು ರೂಮು ಹೋಂಸ್ಟೇಗೆ ಬಿಟ್ಟಿದ್ದೇವೆ. ಬೆಂಗಳೂರಿನಿಂದ ಬರುವವರಿಗೆ ಬೇಕಾದದ್ದು ವ್ಯೂ. ನಮಗೆ ಬೇಕಾದದ್ದು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ನಿದ್ದೆ.

2018ರ ಆಗಸ್ಟ್ ಬಗ್ಗೆ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳೇ ಇಳಿದು ಬಂದವು. ಪೇಟೆಯೊಳಗೆ ಇಂದಿರಾ ನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಮಳೆಯದ್ದಷ್ಟೇ ತಪ್ಪಲ್ಲ, ಇಳಿಜಾರನ್ನು ಕಡಿದದ್ದು, ನೀರು ಹರಿಯುವ ದಾರಿಯನ್ನು ಮುಚ್ಚಿದ್ದೂ ಕಾರಣ ಅಂದರು. ಅಲ್ಲಿಂದ ಈಚೆಗೆ ನಮ್ಮೂರಿನಲ್ಲಿ ಪ್ರತಿಯೊಬ್ಬರೂ ಅರ್ಧ ಜಿಯಾಲಜಿಸ್ಟ್. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬರೆಯದ್ದೇ ಮಾತು. ತಡೆಗೋಡೆ ಕಟ್ಟುವವರಿಗೂ ಕೆಲಸ ಜಾಸ್ತಿ ಆಯಿತು. ಕೆಲಸ ಜಾಸ್ತಿ ಆದ ಕಡೆ ಕೆಲಸ ಗೊತ್ತಿಲ್ಲದವರೂ ಬರುತ್ತಾರೆ, ಅಲ್ವಾ?

ಅಂಥವರೊಬ್ಬರು ನಮ್ಮ ಮನೆ ಹಿಂದೆ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿಕೊಟ್ಟಿದ್ದರು. ನೋಡಲು ಬಹಳ ಚೆಂದ. ನುಣ್ಣಗೆ ಗಾರೆ, ಮೇಲೆ ಕೆನೆ ಬಣ್ಣ. ಹಿಂದಿನ ನೀರು ಹೊರಬರಲಿ ಅಂತ ಸಾಲಾಗಿ ಪಿವಿಸಿ ಪೈಪಿನ ಬಾಯಿಗಳೂ ಇದ್ದವು. ಮೂರನೇ ಮಳೆಗಾಲಕ್ಕೆ ಗೋಡೆಯ ನಡುವೆ ಸಣ್ಣಗೆ ಹೊಟ್ಟೆ ಬಂತು. ಬ್ಲಾಕಿನ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಹೊರಗೆ ಧಾರಾಕಾರ ಮಳೆ, ಪೈಪಿನ ಬಾಯಿ ಮಾತ್ರ ಒಣ ಒಣ. ಗೋಡೆಯ ಬುಡದಲ್ಲಿ ಬ್ಲಾಕಿನೊಳಗಿಂದಲೇ ನೀರು ಜಿನುಗುತ್ತಿತ್ತು. ಆಮೇಲೆ ಗೋಡೆ ಕೆಡವಿದಾಗ ಕಂಡಿತು: ಆ ಪೈಪುಗಳು ಬ್ಲಾಕಿನ ದಪ್ಪದಷ್ಟೇ ಉದ್ದ. ಹಿಂದೆ ಒಂದು ಹಿಡಿ ಜಲ್ಲಿಯೂ ಇಲ್ಲ. ಜೇಡಿಮಣ್ಣನ್ನು ನೇರ ಗೋಡೆಗೆ ಒತ್ತಿ ತುಂಬಿದ್ದರು. ಅರ್ಧಕ್ಕರ್ಧ ಪೈಪುಗಳ ಒಳಬಾಯಿ ಗಾರೆಯಿಂದಲೇ ಮುಚ್ಚಿತ್ತು. ನಿಮ್ಮ ಮನೆಯ ಗೋಡೆಗೂ ಪೈಪುಗಳಿದ್ದರೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿ. ಮಣ್ಣೆಲ್ಲ ನೆನೆದು ತೊಯ್ದಿದ್ದರೂ ಒಂದೂ ಪೈಪು ಹನಿಸದಿದ್ದರೆ ನೀರು ಹಿಂದೆಯೇ ನಿಂತಿದೆ ಎಂದು ಅನುಮಾನ ಪಡಬೇಕು.

ಹೊಸ ಗೋಡೆಗೆ ಹಲವರನ್ನು ಕೇಳಿದೆವು. ಒಬ್ಬರು ಜಾಗ ನೋಡಲೇ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಂಡು ಅಡಿಗೆ ಇಷ್ಟು ಅಂದರು. ಇನ್ನೊಬ್ಬರು ಬಂದರು, ಟೇಪು ಹಿಡಿದು ಅಳೆದರು, ಕಬ್ಬಿಣ ಎಷ್ಟು ಟನ್ ಎಂದು ಬಾಯಲ್ಲೇ ಲೆಕ್ಕ ಹಾಕಿದರು. ಆರ್‌ಸಿಸಿ ಗೋಡೆಗೆ ಅವರ ರೇಟು ಆರೂಮುಕ್ಕಾಲು ಲಕ್ಷ. ಹಿಂದೆ ಏನು ತುಂಬುತ್ತೀರಿ ಅಂತ ಕೇಳಿದೆ. "ಕಡಿದ ಮಣ್ಣು ಇದೆಯಲ್ಲ ಮೇಡಂ, ಅದನ್ನೇ" ಅಂದರು. ಅಲ್ಲಿಗೆ ಅವರ ಕಾಫಿ ಮುಗಿಯಿತು.

ಕೊನೆಗೆ ಕೆಲಸ ಕೊಟ್ಟದ್ದು ಒಬ್ಬ ಎಂಜಿನಿಯರ್ ಹುಡುಗ ಮತ್ತು ಅವನ ಜೊತೆ ಬರುವ ಬಾಗಲಕೋಟೆ ಕಡೆಯ ಕಲ್ಲಿನ ಮೇಸ್ತ್ರಿಗೆ. ಇವರ ಮೊದಲ ಷರತ್ತೇ ಮಳೆ ಬರುವಾಗ ಜಾಗ ನೋಡಬೇಕು ಅನ್ನುವುದು. ಜುಲೈಯಲ್ಲಿ, ಜಡಿಮಳೆಯಲ್ಲಿ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರು. ಟೇಪನ್ನು ಕಾರಿನಿಂದ ಇಳಿಸಲೂ ಇಲ್ಲ. ಮೇಸ್ತ್ರಿ ಬರೆಯ ಮೇಲೆ ಹತ್ತಿ ನಿಂತು ಕೇಳಿದ ಮೊದಲ ಪ್ರಶ್ನೆ: "ಅಕ್ಕಾರ, ಈ ನೀರು ಎಲ್ಲಿಂದ ಬರಾಕತ್ತೈತ್ರಿ? ತ್ವಾಟದಾಗ ಗುಂಡಿ ಏನರ ಅದಾವೇನ್ರಿ?" ಇದ್ದವು. ಮೇಲಿನ ತೋಟದವರು ನೀರು ಇಂಗಲಿ ಅಂತ ಸಾಲಾಗಿ ತೊಟ್ಟಿಲು ಗುಂಡಿ ತೆಗೆಸಿದ್ದರು. ತೋಟಕ್ಕೆ ಒಳ್ಳೆಯದೇ. ಆದರೆ ಕೊನೇ ಸಾಲು ನಮ್ಮ ಬರೆಯ ತುದಿಯಿಂದ ಎಂಟು ಹತ್ತು ಅಡಿ ಅಷ್ಟೇ ದೂರ. ಅಲ್ಲಿ ಇಂಗಿದ ನೀರು ಬರುವುದು ನಮ್ಮ ಗೋಡೆಯ ಬೆನ್ನಿಗೆ. ಆ ತೋಟದವರ ಹತ್ತಿರ ಎಂಜಿನಿಯರ್ ತಾನೇ ಹೋಗಿ ಮಾತಾಡಿ ಕೊನೆಯ ಸಾಲಿನ ಗುಂಡಿಗಳನ್ನು ಮುಚ್ಚಿಸಿದ. ಅದಕ್ಕೆ ಅವನು ಒಂದು ರೂಪಾಯಿ ಬಿಲ್ ಹಾಕಿಲ್ಲ.

ಮಳೆ ಬಿಟ್ಟ ಮೇಲೆ ಮತ್ತೆ ಬಂದು ಒಂದು ಗುಂಡಿ ತೋಡಿ ಮಣ್ಣು ನೋಡಿದರು. ಮೇಲೆ ಕೆಂಪು ಮಣ್ಣು, ಕೆಳಗೆ ಕೈಗೆ ಸೋಪಿನ ಹಾಗೆ ಜಾರುವ ಬಿಳಿ ಜೇಡಿ, ಅದರಡಿ ಹಾರೆ ಹಾಕಿದರೆ ಠಣ್ ಅನ್ನುವ ಗಟ್ಟಿ ಪದರ. ಪಾಯ ಆ ಗಟ್ಟಿಯ ಮೇಲೆಯೇ ಕೂರಬೇಕು, ಜೇಡಿಯ ಮೇಲೆ ಅಲ್ಲ ಅಂದರು.

ನಮ್ಮವರಿಗೆ ಆರ್‌ಸಿಸಿ ಅಂದರೇ ನಂಬಿಕೆ. ತಂತಿ ಬಲೆಯಲ್ಲಿ ಕಲ್ಲು ತುಂಬಿಟ್ಟರೆ ಗುಡ್ಡ ನಿಲ್ಲುತ್ತದಾ ಅಂತ ಪದೇ ಪದೇ ಕೇಳಿದರು. ಆಗ ಹುಡುಗ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದ. ಹತ್ತು ಅಡಿ, ಅಂದರೆ ಮೂರು ಮೀಟರ್ ಎತ್ತರದ ಗೋಡೆ. ಹಿಂದಿನ ಮಣ್ಣಿನಲ್ಲಿ ನೀರು ನಿಲ್ಲದಿದ್ದರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ಮಣ್ಣು ಸುಮಾರು ಎರಡೂಮುಕ್ಕಾಲು ಟನ್ ಬಲದಿಂದ ತಳ್ಳುತ್ತದೆ. ಅದೇ ಗೋಡೆಯ ಹಿಂದೆ ನೀರು ತುದಿಯವರೆಗೆ ನಿಂತರೆ ನೀರೊಂದರದ್ದೇ ನಾಲ್ಕೂವರೆ ಟನ್. ಮಣ್ಣಿನದೂ ಸೇರಿದರೆ ಆರು ಟನ್ ಹತ್ತಿರ. ಎರಡು ಪಟ್ಟಿಗಿಂತ ಜಾಸ್ತಿ ಆಯಿತು. "ಅಂಕಲ್, ಆ ಆರು ಟನ್‌ಗೂ ಆರ್‌ಸಿಸಿ ಕಟ್ಟಬಹುದು. ನೀರು ನಿಲ್ಲದ ಹಾಗೆ ಮಾಡೋದು ಅದಕ್ಕಿಂತ ಅಗ್ಗ" ಅಂದ. ಎತ್ತರದ ಲೆಕ್ಕವನ್ನೂ ಹೇಳಿದ. ಗೋಡೆ ಎರಡು ಪಟ್ಟು ಎತ್ತರವಾದರೆ ತಳ್ಳುವ ಬಲ ನಾಲ್ಕು ಪಟ್ಟು. ಐದು ಅಡಿ ಗೋಡೆ ಕಟ್ಟಿ ಬದುಕಿದವನು ಅದೇ ಅಂದಾಜಿನಲ್ಲಿ ಹತ್ತು ಅಡಿ ಕಟ್ಟಿದರೆ ಕೆಡುವುದು ಇಲ್ಲೇ.

ಜಾಗ ಇದ್ದಿದ್ದರೆ ಒಂದೇ ಎತ್ತರದ ಗೋಡೆಯ ಬದಲು ಎರಡು ಗಿಡ್ಡ ಗೋಡೆ, ನಡುವೆ ಒಂದು ಮೆಟ್ಟಿಲು ಜಾಗ ಬಿಡುತ್ತಿದ್ದರಂತೆ. ಆದರೆ ಆ ಮೆಟ್ಟಿಲು ಕೆಳಗಿನ ಗೋಡೆಯ ಎತ್ತರದ ಎರಡರಷ್ಟಾದರೂ ಅಗಲ ಇರಬೇಕು. ಇಲ್ಲದಿದ್ದರೆ ಮೇಲಿನ ಗೋಡೆಯ ಭಾರ ಪೂರಾ ಕೆಳಗಿನದರ ಬೆನ್ನಿಗೆ. ನಮ್ಮಲ್ಲಿ ಅಷ್ಟು ಜಾಗ ಎಲ್ಲಿ?

ಈಗ ಕೊಟೇಶನ್ ವಿಷಯ. ನಾನು ಈ ತಂಡವನ್ನು ಒಪ್ಪಿದ್ದು ಆ ಎರಡು ಪುಟ ಓದಿದ ಮೇಲೆ. ಬೇರೆಯವರ ಕೊಟೇಶನ್‌ನಲ್ಲಿ ಇದ್ದದ್ದೆಲ್ಲ ಕಣ್ಣಿಗೆ ಕಾಣುವ ವಸ್ತು: ಕಬ್ಬಿಣ, ಸಿಮೆಂಟು, ಗಾರೆ, ಪೇಂಟು. ಇವರದರಲ್ಲಿ ಅರ್ಧ ಪಟ್ಟಿ ಮಣ್ಣೊಳಗೆ ಹೂತುಹೋಗುವಂಥದ್ದು. ಮಣ್ಣು ತಡೆದು ನೀರು ಬಿಡುವ ಜಿಯೋ ಬಟ್ಟೆ ಇಷ್ಟು ಚದರ ಮೀಟರ್. ಜಲ್ಲಿ ಇಷ್ಟು ಲೋಡು. ಪದರ ಪದರವಾಗಿ ಮಣ್ಣು ದಮ್ಮಸ್ ಮಾಡಲು (ಬಡಿದು ಗಟ್ಟಿ ಮಾಡಲು) ಕಂಪ್ಯಾಕ್ಟರ್ ಬಾಡಿಗೆ. ಬರೆಯ ತಲೆಯ ಮೇಲೆ ಕಾಂಕ್ರೀಟ್ ಚರಂಡಿ. ಬದಿಯಲ್ಲಿ ನೀರು ರಭಸ ಕಳೆದುಕೊಂಡು ಇಳಿಯಲು ಮೆಟ್ಟಿಲು ಚರಂಡಿ. ಅದು ತೋಡಿಗೆ ಸೇರುವವರೆಗೆ ಪೈಪು. ಕೆಳಗಿನ ಮನೆ ಅಣ್ಣನ ಅಂಗಳಕ್ಕೆ ನೀರು ಬಿಟ್ಟರೆ ನಮ್ಮ ಬರೆ ಉಳಿದು ಅವರದು ಜರಿಯುತ್ತದೆ, ಆಮೇಲೆ ಜೀವನಪೂರ್ತಿ ಜಗಳ. ಆ ಪೈಪಿನ ಖರ್ಚನ್ನು ಯಾರೂ ಮೊದಲು ಹೇಳಿರಲಿಲ್ಲ. ಒಟ್ಟು ನಾಲ್ಕು ಲಕ್ಷ ಅರವತ್ತು ಸಾವಿರ ಹಿಂದಿನ ಗೋಡೆಗೆ. 14 ಮೀಟರ್ ಉದ್ದ.

ಕೆಲಸ ಜನವರಿಯಲ್ಲಿ ಶುರು. ಬರೆ ಕಡಿದ ರೀತಿ ನನಗೆ ಹಿಡಿಸಿತು. ಜೆಸಿಬಿ ಬಂತು, ಆದರೆ ಒಂದೇ ಏಟಿಗೆ ಉದ್ದಕ್ಕೂ ಕಡಿಯಲಿಲ್ಲ. ಎರಡು ಮೀಟರ್ ಅಗಲದ ಒಂದು ತುಂಡು ಕಡಿಯುವುದು, ಪಕ್ಕದ್ದು ಹಾಗೇ ಬಿಡುವುದು, ಆಮೇಲಿನದು ಕಡಿಯುವುದು. ಕಡಿದ ತುಂಡಿನಲ್ಲಿ ಗೋಡೆ ಎದ್ದ ಮೇಲೆ ಬಿಟ್ಟ ತುಂಡಿಗೆ ಕೈ ಹಾಕುವುದು. ನಿಧಾನ. ಜೆಸಿಬಿ ಬಾಡಿಗೆಯೂ ಏರುತ್ತದೆ, ಯಾಕೆಂದರೆ ಮತ್ತೆ ಮತ್ತೆ ಕರೆಸಬೇಕು. ಸಂಜೆ ಹೋಗುವಾಗ ಕಡಿದ ಭಾಗಕ್ಕೆ ಟಾರ್ಪಾಲ್ ಹೊದಿಸಿ ಹೋಗುತ್ತಿದ್ದರು. ಇದನ್ನು ಹೇಳಿ ಮಾಡಿಸಬೇಕಾಗಿ ಬರಲಿಲ್ಲ.

ಗೇಬಿಯನ್ ಅಂದರೆ ಆರು ಮೂಲೆಯ ಕಣ್ಣುಗಳಿರುವ ತಂತಿ ಬಲೆಯ ಪೆಟ್ಟಿಗೆ. ಕಣ್ಣುಗಳು ನಾಲ್ಕು ಇಂಚಿನ ಆಸುಪಾಸು. ತಂತಿ ಎರಡು ಸುತ್ತು ಹೆಣೆದದ್ದು, ಸತುವಿನ ಲೇಪ, ಅದರ ಮೇಲೆ ಪಿವಿಸಿ ಹೊದಿಕೆ. ಐಎಸ್ 16014 ಅಂತ ಇದಕ್ಕೆ ಭಾರತೀಯ ಮಾನಕ ಇದೆ. ಬಿಲ್‌ನಲ್ಲಿ ಅದು ಇದೆಯಾ ನೋಡಿ. ಪೇಟೆಯಲ್ಲಿ ಬೇಲಿಗೆ ಹಾಕುವ ಬರೀ ಚೈನ್‌ಲಿಂಕ್ ಬಲೆಯನ್ನು ಮಡಚಿ ಗೇಬಿಯನ್ ಅಂತ ಮಾರುವವರೂ ಇದ್ದಾರೆ. ಚೈನ್‌ಲಿಂಕಿನ ಒಂದು ತಂತಿ ತುಂಡಾದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಹೆಣೆದ ಬಲೆ ಹಾಗೆ ಬಿಚ್ಚುವುದಿಲ್ಲ. ನಮ್ಮ ಗೋಡೆ ಬುಡದಲ್ಲಿ ಎರಡು ಮೀಟರ್ ಅಗಲ, ನಡುವೆ ಒಂದೂವರೆ, ಮೇಲೆ ಒಂದು. ಇಡೀ ಗೋಡೆ ಸ್ವಲ್ಪ ಗುಡ್ಡದ ಕಡೆಗೆ ಒರಗಿ ಕೂತಿದೆ.

ಕಲ್ಲಿನ ಮೊದಲ ಲೋಡು ಬಂದ ಬೆಳಿಗ್ಗೆ ಮೇಸ್ತ್ರಿ ಟಿಪ್ಪರ್ ಸುರಿಯಲು ಬಿಡಲಿಲ್ಲ. ಹಿಂಬಾಗಿಲು ಇಳಿಸಿ ಒಂದು ಕಲ್ಲು ತೆಗೆದ. ಸುತ್ತಿಗೆಯಿಂದ ಬಡಿದ. ಡಬ್ ಅಂತು. ಇನ್ನೊಂದು ಬಡಿದ. ಮೂಲೆ ಪುಡಿಯಾಗಿ ಕೈಗೆ ಹಳದಿ ಹಿಟ್ಟು ಬಂತು. "ಇದು ಸತ್ತ ಕಲ್ಲ್ರೀ ಅಕ್ಕಾರ, ಎರಡು ಮಳಿಗೆ ಮಣ್ಣಾಗತೈತಿ" ಅಂದವನೇ ಡ್ರೈವರಿಗೆ ತಿರುಗಿಸು ಅಂದ. ಡ್ರೈವರ್ ಕೂಗಾಡಿದ, ಡೀಸೆಲ್ ಲೆಕ್ಕ ಹೇಳಿದ. ಮೇಸ್ತ್ರಿ ಬೀಡಿ ಹಚ್ಚಿಕೊಂಡು ದಾರಿಗೆ ಅಡ್ಡ ಕೂತ. ಮಧ್ಯಾಹ್ನ ಬಂದ ಲೋಡಿನ ಕಲ್ಲು ಬಡಿದರೆ ಗಂಟೆಯಂತೆ ಕೇಳಿಸಿತು. ಒಳಗೆ ತುಂಬುವಾಗ ಮುಂಭಾಗದ ಸಾಲನ್ನು ಕೈಯಿಂದಲೇ ಗೋಡೆಯ ಹಾಗೆ ಜೋಡಿಸಿದರು. ದೊಡ್ಡ ಕಲ್ಲಿನ ಸಂದಿಗೆ ಚಿಕ್ಕ ಕಲ್ಲು. ಆದರೆ ಬಲೆಯ ಕಣ್ಣಿನಿಂದ ಹೊರಬರುವಷ್ಟು ಚಿಕ್ಕದು ಹಾಕುವ ಹಾಗಿಲ್ಲ.

ಮೇಸ್ತ್ರಿ ಊರಿಗೆ ಹೋಗಿದ್ದ ವಾರ ಮಾತ್ರ ಕೆಲಸ ಸಡಿಲಾಯಿತು. ಪೆಟ್ಟಿಗೆಗೆ ಕಲ್ಲು ಮೂರನೇ ಒಂದು ಪಾಲು ತುಂಬಿದಾಗ ಒಮ್ಮೆ, ಮೂರನೇ ಎರಡು ಪಾಲು ತುಂಬಿದಾಗ ಇನ್ನೊಮ್ಮೆ ಮುಂದಿನ ಬಲೆಗೂ ಹಿಂದಿನ ಬಲೆಗೂ ಅಡ್ಡ ತಂತಿ ಬಿಗಿಯಬೇಕು. ಇಲ್ಲದಿದ್ದರೆ ಪೆಟ್ಟಿಗೆ ಮುಂದಕ್ಕೆ ಉಬ್ಬುತ್ತದೆ. ಹುಡುಗರು ಎರಡು ಪೆಟ್ಟಿಗೆಗೆ ಆ ತಂತಿಯನ್ನೇ ಹಾಕದೆ ಮುಚ್ಚಳ ಹೊಲಿದುಬಿಟ್ಟಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಲೇ ಇದ್ದೆ. ಹೇಳಿದರೆ "ಏನೂ ಆಗಲ್ಲ ಅಕ್ಕ" ಅಂದರು. ಎಂಜಿನಿಯರಿಗೆ ಫೋಟೋ ಕಳಿಸಿದೆ. ಅವನು ಸಂಜೆಯೇ ಬಂದು ಎರಡೂ ಪೆಟ್ಟಿಗೆ ಬಿಚ್ಚಿಸಿ ಮತ್ತೆ ತುಂಬಿಸಿದ. ಒಂದು ಸ್ಟಾರ್ ಕಳೆದದ್ದು ಅರ್ಧ ಇದಕ್ಕೆ. ಮೇಸ್ತ್ರಿ ಇಲ್ಲದ ದಿನ ನೋಡಿಕೊಳ್ಳಲು ಒಬ್ಬರನ್ನು ಬಿಡಬೇಕಿತ್ತು.

ಇನ್ನರ್ಧ ಏನು ಅಂದರೆ, ಗೇಬಿಯನ್ ನುಂಗುವ ಜಾಗದ ಬಗ್ಗೆ ಇವರು ಮೊದಲು ಸರಿಯಾಗಿ ಹೇಳಲಿಲ್ಲ. ಬುಡದ ಎರಡು ಮೀಟರ್ ಅಗಲದಲ್ಲಿ ಸ್ವಲ್ಪ ಗುಡ್ಡದೊಳಗೆ ಹೋಯಿತು, ಉಳಿದದ್ದು ನಮ್ಮ ಹಿತ್ತಲಿಗೆ ಬಂತು. ಬಟ್ಟೆ ಒಗೆಯುವ ಕಲ್ಲು, ಅತ್ತೆಯ ಕರಿಬೇವಿನ ಗಿಡ, ಎರಡೂ ಹೋದವು. ಕಲ್ಲು ಬೇರೆ ಕಡೆ ಹಾಕಿಸಿದೆವು. ಕರಿಬೇವಿಗೆ ಅತ್ತೆ ಇನ್ನೂ ಕ್ಷಮಿಸಿಲ್ಲ. ಕಲ್ಲಿನ ಸಂದುಗಳಲ್ಲಿ ಹಾವು ಸೇರುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಈವರೆಗೆ ನಾನು ನೋಡಿದ್ದು ಓತಿಕ್ಯಾತ, ಮಳೆಗಾಲದಲ್ಲಿ ಜರಿಗಿಡ. ಹಾವಿಗೆ ನಮ್ಮ ಸೌದೆ ಕೊಟ್ಟಿಗೆಯೇ ಸಾಕಾಗಿತ್ತು ಮೊದಲಿನಿಂದಲೂ.

ಬಲೆಯ ಬೆನ್ನಿಗೆ ಜಿಯೋ ಬಟ್ಟೆ ಹಾಸಿದರು. ಬಿಳಿ ಕಂಬಳಿಯ ಥರ ದಪ್ಪ ಬಟ್ಟೆ. ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಇದಿಲ್ಲದಿದ್ದರೆ ಪ್ರತಿ ಮಳೆಗೂ ಗುಡ್ಡದ ಮಣ್ಣು ಕಲ್ಲಿನ ಸಂದಿನಿಂದ ಸೋರಿ ಹಿಂದೆ ಪೊಳ್ಳು ಬೀಳುತ್ತದೆ. ಅದರ ಹಿಂದೆ ಮಣ್ಣನ್ನು ಎಂಟೆಂಟು ಇಂಚಿನ ಪದರವಾಗಿ ಹಾಕಿ ದಮ್ಮಸ್ ಮಾಡಿದರು. ಬಿಳಿ ಜೇಡಿಯನ್ನು ವಾಪಸ್ ತುಂಬಲಿಲ್ಲ, ಗರಸು ಮಣ್ಣು ತರಿಸಿದರು. ಕೊನೆಯ ಒಂದಡಿ ಮಾತ್ರ ಜೇಡಿ ಮಣ್ಣು, ಮೇಲಿನ ನೀರು ಒಳಗೆ ಇಳಿಯದೆ ಚರಂಡಿಗೆ ಜಾರಲಿ ಅಂತ. ಇಳಿಜಾರಿಗೆ ಲಾವಂಚ ನೆಡಲು ಹೇಳಿದರು. ಅದರ ಬೇರು ಆರರಿಂದ ಹತ್ತು ಅಡಿಯವರೆಗೂ ನೇರ ಕೆಳಗೆ ಹೋಗುತ್ತದೆ. ಗೆಸ್ಟುಗಳು ಅದನ್ನು ಮಜ್ಜಿಗೆಹುಲ್ಲು ಅಂದುಕೊಂಡು ಟೀಗೆ ಹಾಕಿ ಅಂತ ಕೇಳುತ್ತಾರೆ.

ಮುಂದಿನ ಸೈಜುಗಲ್ಲಿನ ಹಳೇ ಗೋಡೆಯನ್ನು ಇವರು ಪೂರ್ತಿ ಕೆಡವಲಿಲ್ಲ. ಇದೂ ನನಗೆ ಇಷ್ಟವಾದ ವಿಷಯ. ಹೊಸದು ಕಟ್ಟಿದರೆ ಬಿಲ್ ದೊಡ್ಡದಾಗುತ್ತಿತ್ತು, ನಾವೂ ಹೂಂ ಅನ್ನುತ್ತಿದ್ದೆವು. ಮೇಸ್ತ್ರಿ ದಾರ ಕಟ್ಟಿ, ತೂಗುಗುಂಡು ಬಿಟ್ಟು ನೋಡಿ, ಹೊಟ್ಟೆ ಬಂದ ಹನ್ನೆರಡು ಅಡಿಯನ್ನು ಮಾತ್ರ ಸೀಮೆಸುಣ್ಣದಿಂದ ಗುರುತು ಮಾಡಿದ. ಅದನ್ನು ಮೇಲಿನಿಂದ ಸಾಲು ಸಾಲಾಗಿ ಬಿಚ್ಚಿ, ಅದೇ ಕಲ್ಲಿನಿಂದ ಮತ್ತೆ ಕಟ್ಟಿದರು. ಈ ಸಲ ಗೋಡೆಯ ಒಳಕ್ಕೆ ಪೂರಾ ಹೋಗುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಟ್ಟರು. ಹಳೇ ಗೋಡೆಯಲ್ಲಿ ಮುಂದೊಂದು ಸಾಲು ಹಿಂದೊಂದು ಸಾಲು ಕಟ್ಟಿ ನಡುವೆ ಬರೀ ಚೂರು ತುಂಬಿದ್ದರಂತೆ, ಅದಕ್ಕೇ ಎರಡೂ ಸಾಲು ಬೇರೆಯಾಗಿ ಹೊಟ್ಟೆ ಬಂದದ್ದು. ಉಳಿದ ಭಾಗಕ್ಕೆ ಡ್ರಿಲ್ ಹಾಕಿ ಮೂರು ಇಂಚಿನ ಪೈಪು ಹಾಯಿಸಿದರು, ನಾಲ್ಕೈದು ಅಡಿಗೊಂದು, ಮೇಲಿನ ಸಾಲು ಕೆಳಗಿನ ಸಾಲಿನ ನಡುವೆ ಬರುವ ಹಾಗೆ. ಪೈಪಿನ ಒಳತುದಿಗೆ ಜಿಯೋ ಬಟ್ಟೆ ಸುತ್ತಿ, ಹೊರಗಡೆಗೆ ತುಸು ತಗ್ಗು ಕೊಟ್ಟರು. ಆಮೇಲೆ ಅಂಗಳದ ಅಂಚಿನಲ್ಲಿ ಪೈಪ್ ಹಿಡಿದು ನೀರು ಬಿಟ್ಟು ಪರೀಕ್ಷೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಬಾಯಿಂದ ಕೆಂಪು ನೀರು, ಆಮೇಲೆ ತಿಳಿ ನೀರು. ತಿಳಿಯಾಗದೆ ಕೆಂಪಾಗಿಯೇ ಬರುತ್ತಿದ್ದರೆ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಅರ್ಥವಂತೆ. ಒಂದು ಪೈಪು ಹಾಗೆ ಬಂತು. ಅದನ್ನು ಕಿತ್ತು ಮತ್ತೆ ಬಟ್ಟೆ ಸುತ್ತಿ ಹಾಕಿದರು. ಈ ರಿಪೇರಿಗೆ ಒಂದು ಲಕ್ಷ ಹತ್ತು ಸಾವಿರ.

ಇನ್ನು ಡೆಕ್. ಇದು ಬೇರೆ ತಂಡ, ಬೆಂಗಳೂರಿನವರು. ಕೆಟಲಾಗ್ ಬಹಳ ಚೆನ್ನಾಗಿತ್ತು. ಅಂಗಳದ ತುದಿಯಿಂದ ಕಣಿವೆ ಕಡೆ ಚಾಚುವ 240 ಚದರಡಿ, ಕೆಳಗೆ ಎಂಎಸ್ ಕಬ್ಬಿಣದ ಚೌಕ ಪೈಪು, ಮೇಲೆ ಡಬ್ಲ್ಯೂಪಿಸಿ ಹಲಗೆ. ಚದರಡಿಗೆ 850 ರೂಪಾಯಿ. ಎರಡು ವಾರದ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಿ ಫೋಟೋ ಹೊಡೆದುಕೊಂಡು ಹೋದರು.

ಮೊದಲು ಕೈಕೊಟ್ಟದ್ದು ಹಲಗೆ. ಈ ಹಲಗೆಯಲ್ಲಿ ಮರದ ಪುಡಿಯ ಜೊತೆ ಪ್ಲಾಸ್ಟಿಕ್ ಇರುತ್ತದೆ, ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ. ತುದಿಗೆ ತುದಿ ಸೇರುವಲ್ಲಿ ಸಂದು ಬಿಡಬೇಕು. ಇವರು ನೋಡಲು ಚೆಂದ ಅಂತ ಒಂದಕ್ಕೊಂದು ಒತ್ತಿ ಸ್ಕ್ರೂ ಹೊಡೆದಿದ್ದರು. ಏಪ್ರಿಲ್ ಬಿಸಿಲಿಗೆ ನಾಲ್ಕು ಹಲಗೆ ನಡುವೆ ಎದ್ದು ನಿಂತವು. ಒಬ್ಬ ಗೆಸ್ಟು ಎಡವಿದರು. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲುವಂತಿಲ್ಲ ಅನ್ನುವುದು ಬೇರೆ ಮಾತು. ಅದು ಹಲಗೆಯ ಗುಣ, ಹಾಕಿದವರ ತಪ್ಪಲ್ಲ. ಆದರೆ ಮಾರುವಾಗ ಒಂದು ಮಾತು ಹೇಳಬಹುದಿತ್ತು.

ಮಳೆ ಬಂದ ಮೇಲೆ ಇನ್ನೊಂದು ಬಣ್ಣ ಬಯಲಾಯಿತು. ನಮ್ಮಲ್ಲಿ ಸಾಧಾರಣ ವರ್ಷದಲ್ಲೂ ಮಳೆ ನೂರು ಇಂಚು ದಾಟುತ್ತದೆ. ಅಂಥ ಊರಿಗೆ ರೆಡ್ ಆಕ್ಸೈಡ್ ಒಂದು ಕೋಟು ಬಳಿದು, ಮೇಲೆ ಬೂದು ಬಣ್ಣ ಹೊಡೆದು ಹೋಗಿದ್ದರು. ವೆಲ್ಡಿಂಗ್ ಮಾಡಿದ ಕಡೆಯೆಲ್ಲ ತುಕ್ಕು. ಪೈಪುಗಳ ತುದಿಗೆ ಮುಚ್ಚಳ ಇಲ್ಲ, ಒಳಗೆ ನೀರು ತುಂಬಿ ಬಡಿದರೆ ಗುಳುಗುಳು. ಹಲಗೆಯ ಮೇಲೆ ಪಾಚಿ.

ಇದೆಲ್ಲ ರಿಪೇರಿ ಆಗುವಂಥದ್ದು. ನನಗೆ ನಿಜವಾಗಿ ಸಿಟ್ಟು ಬಂದದ್ದು ಕಂಬಗಳ ವಿಷಯಕ್ಕೆ. ಡೆಕ್ಕಿನ ಹಿಂದಿನ ಸಾಲಿನ ಕಂಬಗಳನ್ನು ಸೈಜುಗಲ್ಲಿನ ಗೋಡೆಯ ಬೆನ್ನಿಗೇ, ತುಂಬಿದ ಮಣ್ಣಿನಲ್ಲಿ, ಒಂದೂವರೆ ಅಡಿ ಗುಂಡಿಗೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದರು. ಡೆಕ್ ಮೇಲೆ ಜನ ಕೂತರೆ ಆ ಭಾರ ಕೆಳಗೆ ಹೋಗುವುದರ ಜೊತೆಗೆ ಗೋಡೆಯನ್ನೂ ಮುಂದಕ್ಕೆ ತಳ್ಳುತ್ತದೆ. ಮೇಲಿಂದ ಡೆಕ್ಕಿನ ಮಳೆನೀರು ಪೂರಾ ಬೀಳುತ್ತಿದ್ದದ್ದೂ ಅಲ್ಲೇ, ಗೋಡೆಯ ಬೆನ್ನಿಗೆ. ಆಗತಾನೇ ಲಕ್ಷ ರೂಪಾಯಿ ಕೊಟ್ಟು ನೀರು ಹೊರಗೆ ಹೋಗಲು ದಾರಿ ಮಾಡಿಸಿದ ಗೋಡೆ ಅದು!

ನಮ್ಮ ಎಂಜಿನಿಯರ್ ಹುಡುಗನನ್ನು ಕರೆದು ತೋರಿಸಿದೆ. ಅವನು ಗೋಡೆಯ ಬುಡದ ಹಿಂಬದಿಯಿಂದ ಮೇಲಕ್ಕೆ 45 ಡಿಗ್ರಿಗೆ ಒಂದು ಗೆರೆ ಎಳೆದ. ಕಂಬದ ಪಾಯ ಆ ಗೆರೆಗಿಂತ ಕೆಳಗೆ, ಕಡಿಯದ ಗಟ್ಟಿ ನೆಲದಲ್ಲಿ ಇರಬೇಕು, ಅಥವಾ ಆ ಗೆರೆಯಿಂದ ಆಚೆ ಮನೆ ಕಡೆಗೆ ಇರಬೇಕು ಅಂದ. ಡೆಕ್ಕಿನವರಿಗೆ ಆ ಚಿತ್ರ ಕಳಿಸಿದೆವು. ಮೊದಲು "ನಾವು ಎಲ್ಲಾ ಕಡೆ ಹೀಗೇ ಮಾಡೋದು" ಅಂದರು. ಎಲ್ಲಾ ಕಡೆ ಅಂದರೆ ವೈಟ್‌ಫೀಲ್ಡಿನ ಟೆರೇಸು ಇರಬೇಕು. ನಾವು ಉಳಿಸಿಕೊಂಡಿದ್ದ ಮೂವತ್ತು ಸಾವಿರ ಬಾಕಿ ಇರದಿದ್ದರೆ ಅವರು ಘಾಟಿ ಹತ್ತುತ್ತಿದ್ದರೋ ಇಲ್ಲವೋ. ಬಂದರು. ಹಿಂದಿನ ಸಾಲನ್ನು ತೆಗೆದು ಮನೆ ಕಡೆಗೆ ಸರಿಸಿದರು. ಮುಂದಿನ ಸಾಲನ್ನು ಗೋಡೆಯ ಕೆಳಗಿನ ಗಟ್ಟಿ ನೆಲಕ್ಕೆ ಇಳಿಸಿ, ಬೇಸ್ ಪ್ಲೇಟನ್ನು ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿದರು. ತುಕ್ಕು ಉಜ್ಜಿ ಜಿಂಕ್ ಪ್ರೈಮರ್ ಹೊಡೆದರು. ಡೆಕ್ಕಿನ ಅಂಚಿಗೆ ಮಳೆನೀರಿನ ದೋಣಿ ಕಟ್ಟಿ ನೀರನ್ನು ಪೈಪಿನಲ್ಲಿ ಚರಂಡಿಗೆ ಬಿಟ್ಟರು. ಹಲಗೆಗಳನ್ನು ಬಿಚ್ಚಿ ಸಂದು ಬಿಟ್ಟು ಕ್ಲಿಪ್ಪಿನಲ್ಲಿ ಕೂರಿಸಿದರು. ಈಗ ಸಂದಿನಿಂದ ಅತ್ತೆ ಒಣಹಾಕಿದ ಕರಿಮೆಣಸು ಕೆಳಗೆ ಬೀಳುತ್ತದೆ, ಟಾರ್ಪಾಲ್ ಹಾಸಿಕೊಳ್ಳುತ್ತಾರೆ. ಮತ್ತೆ ಡೆಕ್ ಮಾಡಿಸುವುದಾದರೆ ಗ್ಯಾಲ್ವನೈಸ್ಡ್ ಪೈಪೇ ಬೇಕು ಅನ್ನುತ್ತೇನೆ, ಸ್ಕ್ರೂ ಬೋಲ್ಟು ಸ್ಟೇನ್‌ಲೆಸ್.

ಗೋಡೆ ದೊಡ್ಡವರದ್ದೇ ಆಗಿರಲಿ, ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. 2022ರ ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಕಚೇರಿ ಕೆಳಗಿನ ಹೆದ್ದಾರಿ ಬದಿಯ ಎತ್ತರದ ತಡೆಗೋಡೆ ಉಬ್ಬಿ ಊರೆಲ್ಲ ನೋಡಲು ಹೋಗಿತ್ತು. ನಮ್ಮ ಮೇಸ್ತ್ರಿಯೂ ನೋಡಿ ಬಂದಿದ್ದನಂತೆ. ಅದರ ಬಗ್ಗೆ ಏನು ಅನ್ನಿಸಿತು ಅಂತ ಕೇಳಿದರೆ ಬೀಡಿ ಹಚ್ಚಿಕೊಂಡ.

ಗೋಡೆಯವರಿಗೆ ದುಡ್ಡು ಕೊಟ್ಟ ರೀತಿಯನ್ನೂ ಹೇಳಬೇಕು. ಹತ್ತು ಪರ್ಸೆಂಟ್ ಒಂದು ಮಳೆಗಾಲ ಕಳೆದ ಮೇಲೆ ಅಂತ ಮೊದಲೇ ಬರೆಸಿಕೊಂಡಿದ್ದೆವು. ಬೇರೆಯವರು ಈ ಮಾತಿಗೆ ಮುಖ ಸಿಂಡರಿಸಿದ್ದರು. ಇವರು ಒಪ್ಪಿದರು. ಆಶ್ಲೇಷ ಮಳೆಯಲ್ಲಿ ಎಂಜಿನಿಯರ್ ಬಂದು, ಗೋಡೆಯ ಮೇಲೆ ತಾನೇ ಪೇಂಟಿನಿಂದ ಹಾಕಿಟ್ಟಿದ್ದ ಗುರುತುಗಳಿಗೆ ಗುಂಡು ಬಿಟ್ಟು ಅಳೆದ. ಒಂದು ಕಡೆ ಒಂದು ಸೆಂಟಿಮೀಟರ್ ಕೂತಿತ್ತು. ಗೇಬಿಯನ್‌ನಲ್ಲಿ ಕಲ್ಲು ಅಷ್ಟು ಕೂರುವುದು ಸಹಜ, ಬಿರುಕು ಬಿಡುವ ಪ್ರಶ್ನೆ ಇಲ್ಲ ಅಂದ. ಸೆಪ್ಟೆಂಬರ್ ಕೊನೆಗೆ ಮತ್ತೆ ಅಳೆದ, ಹಾಗೇ ಇತ್ತು. ಬಾಕಿ ಕೊಟ್ಟೆವು.

ನಂಬರ್ ಬೇಕಾದವರು ನನಗೆ ಬೇರೆಯಾಗಿ ಕೇಳಿ, ಗೋಡೆಯವರದ್ದು ಕೊಡುತ್ತೇನೆ. ಆದರೆ ಮಳೆಗಾಲದಲ್ಲೇ ಕರೆಯಿರಿ, ನೀರು ಹರಿಯುವಾಗ ಬಂದು ನೋಡಲಿ. ಪುತ್ತರಿ (ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ ಫೋನ್ ಮಾಡಿದರೆ ಕಾಫಿ ಕೊಯ್ಲು ಶುರುವಾಗಿರುತ್ತದೆ, ಮಣ್ಣು ಹೊರಲು ಆಳು ಸಿಗುವುದಿಲ್ಲ, ಕೆಲಸ ಏಪ್ರಿಲ್‌ಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬರೆ ಕಡಿಯಲು ಮೇಸ್ತ್ರಿ ಒಪ್ಪುವುದಿಲ್ಲ.